ಉಳಿಸಿಕೊಳ್ಳತಕ್ಕ ಬೈಸಿಕಲ್ಲು ಯಾವುದು?

ಮನೆಯಲ್ಲಿ ಒಂದೇ ಬೈಸಿಕಲ್ಲು ಇರುವವರೆಗೆ ಹುಟ್ಟದ ಪ್ರಶ್ನೆಯೊಂದು, ಅವು ಮೂರು ನಾಲ್ಕಾದಾಗ ತಾನಾಗಿಯೇ ಹುಟ್ಟುತ್ತದೆ. ಬೆಂಗಳೂರಿನ ಹೊರವಲಯದಲ್ಲಿ, ಎಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತುಮುತ್ತ, ಈ ಪ್ರಶ್ನೆ ಅನೇಕ ಕುಟುಂಬಗಳ ಮುಂದೆ ನಿಂತಿದೆ. ಅಂಗಳವಿದ್ದ ಹಳೆಯ ಮನೆಯನ್ನು ಬಿಟ್ಟು ಮೂರನೆಯ ಅಂತಸ್ತಿನ ಫ್ಲ್ಯಾಟಿಗೆ ಹೋಗತಕ್ಕವರು ಲೆಕ್ಕ ಹಾಕಿದಾಗ ತೋರುವುದಿಷ್ಟು: ತಂದೆ ಕಾರ್ಖಾನೆಗೆ ತುಳಿದುಕೊಂಡು ಹೋಗುತ್ತಿದ್ದ ಕಪ್ಪು ಬಣ್ಣದ ಸಾಮಾನ್ಯ ಬೈಸಿಕಲ್ಲು ಒಂದು, ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಉತ್ಸಾಹದಿಂದ ಕೊಂಡ ಗೇರ್ ಬೈಸಿಕಲ್ಲು ಒಂದು, ಮಗ ಹಟ ಹಿಡಿದು ತರಿಸಿಕೊಂಡ ಸಪೂರ ಟೈರಿನ ರೇಸಿಂಗ್ ಸೈಕಲ್ ಒಂದು, ಮೆಟ್ರೋ ನಿಲ್ದಾಣಕ್ಕೆ ಹೋಗಲೆಂದು ಕೊಂಡ ಮಡಚುವ ಸೈಕಲ್ ಮತ್ತೊಂದು. ಸ್ಥಳವಿರುವುದಾದರೋ ಒಂದಕ್ಕೆ ಮಾತ್ರ. ಯಾವುದನ್ನು ಉಳಿಸಿಕೊಳ್ಳಬೇಕು?

ಇದು ಗೃಹಕೃತ್ಯದ ಸಣ್ಣ ವಿಚಾರ, ವಿಜ್ಞಾನದ ಪತ್ರಿಕೆಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ನಮ್ಮ ಅಭಿಪ್ರಾಯ ಬೇರೆ. ಬಲ, ಶಕ್ತಿ, ಘರ್ಷಣೆ ಎಂಬ ಮಾತುಗಳನ್ನು ಪರೀಕ್ಷೆಯ ಕಾಗದದ ಮೇಲೆ ಮಾತ್ರ ಬಳಸಿ, ಮನೆಯ ಬಾಗಿಲಲ್ಲಿ ನಿಂತ ಯಂತ್ರವನ್ನು ಬೆಲೆಯಿಂದಲೂ ಬಣ್ಣದಿಂದಲೂ ಅಳೆಯುವ ವಿದ್ಯಾರ್ಥಿಯು ಭೌತಶಾಸ್ತ್ರವನ್ನು ಕಲಿತನೆಂದು ಹೇಳಲಾಗುವುದಿಲ್ಲ. ಮೇಲಾಗಿ ಈ ನಿರ್ಧಾರದ ಪರಿಣಾಮ ನಮ್ಮ ಮನೆಯ ಹೊಸ್ತಿಲಲ್ಲಿಯೇ ನಿಲ್ಲತಕ್ಕದ್ದಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಬೆಲೆಯ ಮಾತು. "ಇದಕ್ಕೆ ಅಷ್ಟು ಹಣ ಕೊಟ್ಟಿದ್ದೇವೆ, ಬಿಡುವುದು ಹೇಗೆ?" ಎಂಬುದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ವಾದ. ಬ್ರೇಕು ಹಿಡಿದಾಗ ಚಲನಶಕ್ತಿಯು ಉಷ್ಣವಾಗಿ ಗಾಳಿಗೆ ಸೇರಿಹೋಗುತ್ತದೆ. ಆ ಉಷ್ಣವನ್ನು ಮರಳಿ ಒಟ್ಟುಗೂಡಿಸಿ ಬೈಸಿಕಲ್ಲನ್ನು ಓಡಿಸಲು ಯಾರಿಂದಲೂ ಆಗದು. ಕೊಟ್ಟ ಹಣವೂ ಹಾಗೆಯೇ. ಅದು ಸೈಕಲ್ಲಿನ ಚೌಕಟ್ಟಿನೊಳಗೆ ಅಡಗಿ ಕುಳಿತಿಲ್ಲ. ಇನ್ನು ಮುಂದೆ ಆ ಯಂತ್ರದಿಂದ ದೊರೆಯುವ ಉಪಯೋಗವೊಂದೇ ಲೆಕ್ಕಕ್ಕೆ ಬರತಕ್ಕದ್ದು.

ಎರಡನೆಯದು ತೂಕದ ಮಾತು. ಹಗುರವಾದದ್ದೇ ಉತ್ತಮವೆಂಬ ನಂಬಿಕೆ ತರುಣರಲ್ಲಿ ಪ್ರಬಲವಾಗಿದೆ. ಇದನ್ನು ಲೆಕ್ಕ ಮಾಡಿ ನೋಡೋಣ. ಸವಾರನ ತೂಕ ೬೦ ಕಿಲೋಗ್ರಾಂ, ಸಾಮಾನ್ಯ ಬೈಸಿಕಲ್ಲಿನ ತೂಕ ೨೦ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಸೆಕೆಂಡಿಗೆ ೫ ಮೀಟರು, ಎಂದರೆ ಗಂಟೆಗೆ ೧೮ ಕಿಲೋಮೀಟರು ವೇಗದಲ್ಲಿ ಹೋಗುವಾಗ ಅವನು ಎರಡು ನಿರೋಧಗಳನ್ನು ಗೆಲ್ಲಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ತುಸು ವಿರಳ. ನೆಟ್ಟಗೆ ಕುಳಿತ ಸವಾರನಿಗೆ ವಾಯುವಿನ ನಿರೋಧ ಸುಮಾರು ೮ ನ್ಯೂಟನ್ ಆಗುತ್ತದೆ. ಟೈರು ನೆಲದ ಮೇಲೆ ಉರುಳುವಾಗ ತೋರುವ ನಿರೋಧವು ಒಟ್ಟು ತೂಕದ ಸಾವಿರದಲ್ಲಿ ೮ ಪಾಲು ಎಂದು ಹಿಡಿದರೆ, ಅದು ಸುಮಾರು ೬.೩ ನ್ಯೂಟನ್. ಎರಡನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಸವಾರನು ಒದಗಿಸಬೇಕಾದ ಸಾಮರ್ಥ್ಯ ಸುಮಾರು ೭೧ ವಾಟ್.

ಈಗ ಅದೇ ಸವಾರನನ್ನು ೧೦ ಕಿಲೋಗ್ರಾಂ ತೂಕದ ಬೈಸಿಕಲ್ಲಿನ ಮೇಲೆ ಅದೇ ಭಂಗಿಯಲ್ಲಿ ಕೂರಿಸೋಣ. ಬೈಸಿಕಲ್ಲಿನ ತೂಕ ಅರ್ಧವಾಯಿತು. ಆದರೆ ಒಟ್ಟು ತೂಕ ೮೦ರಿಂದ ೭೦ಕ್ಕೆ ಇಳಿಯಿತು, ಅಷ್ಟೆ. ಅದರಿಂದಾಗುವ ಉಳಿತಾಯ ಸುಮಾರು ೪ ವಾಟ್. ಹಗುರವಾದ ಬೈಸಿಕಲ್ಲಿನ ಕೀರ್ತಿಯೆಲ್ಲ ಸಮತಟ್ಟಿನ ಮೇಲೆ ಈ ೪ ವಾಟಿನಲ್ಲಿ ಮುಗಿಯಿತು! ಏರಿನಲ್ಲಿ ಲಾಭ ಹೆಚ್ಚೆಂಬುದು ನಿಜ. ೩೦ ಮೀಟರಿಗೆ ಒಂದು ಮೀಟರು ಏರುವ ರಸ್ತೆಯಲ್ಲಿ ಸೆಕೆಂಡಿಗೆ ೩ ಮೀಟರು ವೇಗದಲ್ಲಿ ಹತ್ತುವಾಗ ಬೇಕಾದ ೧೦೬ ವಾಟ್ ೯೪ಕ್ಕೆ ಇಳಿಯುತ್ತದೆ. ಇದು ನೂರಕ್ಕೆ ಸುಮಾರು ಹನ್ನೊಂದರಷ್ಟು. ಕಡೆಗಣಿಸತಕ್ಕದ್ದಲ್ಲ, ಆದರೆ ಎರಡು ಮೂರು ಕಿಲೋಮೀಟರಿನ ನಿತ್ಯದ ದಾರಿಯಲ್ಲಿ ಅಂತಹ ಏರು ಎಷ್ಟು ದೂರ ಇದೆಯೆಂಬುದನ್ನು ಪ್ರತಿಯೊಬ್ಬರೂ ತಮ್ಮ ರಸ್ತೆಯನ್ನು ನೋಡಿಯೇ ಹೇಳಬೇಕು.

ಇದರೊಡನೆ ಗಾಳಿ ಹೊಡೆಯುವ ಪಂಪಿನ ಮಹಿಮೆಯನ್ನು ಹೋಲಿಸಿ ನೋಡಿ. ಟೈರಿನಲ್ಲಿ ಗಾಳಿ ಕಡಮೆಯಾದರೆ ಅದು ನೆಲಕ್ಕೆ ಒತ್ತಿದಲ್ಲೆಲ್ಲ ಹೆಚ್ಚಾಗಿ ಮಡಿಚಿ ಬಿಚ್ಚಿಕೊಳ್ಳುತ್ತದೆ, ರಬ್ಬರು ಬೆಚ್ಚಗಾಗುತ್ತದೆ, ಸವಾರನ ಶ್ರಮ ಆ ಉಷ್ಣವಾಗಿ ವ್ಯರ್ಥವಾಗುತ್ತದೆ. ಇದರಿಂದ ಉರುಳುವಿಕೆಯ ನಿರೋಧ ಇಮ್ಮಡಿಸಿತೆಂದು ಭಾವಿಸಿದರೆ, ಅದೇ ೧೮ ಕಿಲೋಮೀಟರ್ ವೇಗದಲ್ಲಿ ಹೆಚ್ಚಾಗಿ ವ್ಯಯವಾಗುವ ಸಾಮರ್ಥ್ಯ ೩೧ ವಾಟ್. ಹತ್ತು ಕಿಲೋಗ್ರಾಂ ಲೋಹವನ್ನು ಇಳಿಸುವುದಕ್ಕೆ ಸಹಸ್ರಾರು ರೂಪಾಯಿಗಳನ್ನು ತೆತ್ತು ಗಳಿಸುವುದು ೪ ವಾಟ್. ವಾರಕ್ಕೊಮ್ಮೆ ಪಂಪು ಹಿಡಿದು ಗಳಿಸುವುದು ಅದರ ಏಳೆಂಟರಷ್ಟು! ೧೮೮೮ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಲೋಕಕ್ಕೆ ದೊರೆತ ಲಾಭವನ್ನು ನಮ್ಮ ನೆಲಮಾಳಿಗೆಗಳಲ್ಲಿ ಗಾಳಿಯಿಲ್ಲದೆ ನಿಂತ ಬೈಸಿಕಲ್ಲುಗಳು ಕಳೆದುಕೊಂಡು ಕುಳಿತಿವೆ.

ಮೂರನೆಯದು ಗೇರುಗಳ ವಿಚಾರ. ಸಾಮಾನ್ಯ ಬೈಸಿಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ ೪೪, ಹಿಂದಿನ ಫ್ರೀವೀಲಿನಲ್ಲಿ ೧೮ ಹಲ್ಲುಗಳಿವೆಯೆನ್ನೋಣ. ಚಕ್ರದ ಸುತ್ತಳತೆ ಸುಮಾರು ೨.೨ ಮೀಟರು. ಪೆಡಲು ಒಂದು ಸುತ್ತು ಬಂದರೆ ಬೈಸಿಕಲ್ಲು ೫.೪ ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ೬೦ ಸುತ್ತು ತುಳಿದರೆ ವೇಗ ಗಂಟೆಗೆ ೧೯ ಕಿಲೋಮೀಟರಿನಷ್ಟು. ಮನುಷ್ಯನ ಕಾಲಿಗೆ ಆಯಾಸವಿಲ್ಲದ ಗತಿಯೂ, ಊರೊಳಗಿನ ರಸ್ತೆಗೆ ತಕ್ಕ ವೇಗವೂ ಇಲ್ಲಿ ಒಂದಾಗಿವೆ. ಆದ್ದರಿಂದ ಸಮತಟ್ಟಾದ ಊರಿನಲ್ಲಿ ಒಂದೇ ಗೇರು ಸಾಕು. ಆದರೆ ಮೇಲೆ ಹೇಳಿದ ಏರಿನಲ್ಲಿ ಇದೇ ಬೈಸಿಕಲ್ಲಿನ ಪೆಡಲನ್ನು ಸರಾಸರಿ ೧೮ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಒತ್ತಬೇಕಾಗುತ್ತದೆ. ಮುಂದೆ ಹಿಂದೆ ಹಲ್ಲುಗಳ ಸಂಖ್ಯೆ ಸಮವಾಗಿರುವ ಗೇರಿನಲ್ಲಿ ೭ ಕಿಲೋಗ್ರಾಂ ಸಾಕು. ಮಂಡಿನೋವಿರುವ ಹಿರಿಯರು ಗೇರ್ ಬೈಸಿಕಲ್ಲನ್ನೇ ಉಳಿಸಿಕೊಂಡರೆ ಅದನ್ನು ಶೋಕಿಯೆನ್ನಲು ಯಾರಿಗೂ ಅಧಿಕಾರವಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಬ್ರೇಕು. ಪೀಣ್ಯದ ಲಾರಿಗಳ ನಡುವೆ, ವೈಟ್‌ಫೀಲ್ಡಿನ ಟ್ಯಾಂಕರುಗಳ ನಡುವೆ ಹೋಗತಕ್ಕವನಿಗೆ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಸೆಕೆಂಡಿಗೆ ೩ ಮೀಟರಿನಷ್ಟು ವೇಗವನ್ನು ಪ್ರತಿ ಸೆಕೆಂಡಿನಲ್ಲಿ ಕುಗ್ಗಿಸುತ್ತದೆಯೆಂದರೆ, ಗಂಟೆಗೆ ೧೮ ಕಿಲೋಮೀಟರಿನಲ್ಲಿ ಬಂದ ಸವಾರನು ಸುಮಾರು ೪ ಮೀಟರಿನೊಳಗೆ ನಿಲ್ಲುವನು. ಹಳೆಯ ಬೈಸಿಕಲ್ಲಿನ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರಿನ ಹಿಡಿತ ಬಹಳ ಕುಗ್ಗುತ್ತದೆ. ಆ ದರ ೧ಕ್ಕೆ ಇಳಿಯಿತೆನ್ನಿ: ನಿಲ್ಲಲು ಹನ್ನೆರಡೂವರೆ ಮೀಟರು ಬೇಕು. ಅಲ್ಯೂಮಿನಿಯಂ ರಿಮ್ಮೂ, ಅದಕ್ಕಿಂತ ಡಿಸ್ಕ್ ಬ್ರೇಕೂ ಇಲ್ಲಿ ಖಂಡಿತವಾಗಿ ಮೇಲು. ಉಕ್ಕಿನ ರಿಮ್ಮನ್ನೇ ಉಳಿಸಿಕೊಳ್ಳತಕ್ಕವರು ಒಂದು ನಿಯಮವನ್ನು ಮರೆಯಬಾರದು: ನಿಲ್ಲಲು ಬೇಕಾದ ದೂರವು ವೇಗದ ವರ್ಗಕ್ಕನುಸಾರವಾಗಿರುವುದರಿಂದ, ವೇಗವನ್ನು ಅರ್ಧ ಮಾಡಿದರೆ ದೂರ ಕಾಲುಭಾಗವಾಗುತ್ತದೆ. ಹನ್ನೆರಡೂವರೆ ಮೀಟರು ಮೂರಕ್ಕಿಳಿಯುತ್ತದೆ. ಮಳೆಯ ದಿನ ಮೆಲ್ಲಗೆ ಹೋಗುವವನಿಗೆ ಭೌತಶಾಸ್ತ್ರವೇ ರಕ್ಷೆ.

ಐದನೆಯದು ರಿಪೇರಿ. ಸ್ಟಾರ್ಲಿಯು ೧೮೮೫ರಲ್ಲಿ ರೂಪಿಸಿದ 'ರೋವರ್' ಬೈಸಿಕಲ್ಲಿನ ಸಂತತಿಯೇ ನಮ್ಮ ಸಾಮಾನ್ಯ ಬೈಸಿಕಲ್ಲು. ಬೇರೆ ಬೇರೆ ಕಾರ್ಖಾನೆಗಳು ಇದನ್ನು ತಯಾರಿಸಿದರೂ ಬಿಡಿಭಾಗಗಳ ಅಳತೆಗಳು ಬಹುಮಟ್ಟಿಗೆ ಒಂದೇ. ೧೯೫೧ರಲ್ಲಿ ಸೋನೆಪತ್‌ನಲ್ಲಿ ಆರಂಭವಾದ ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದ್ ಕಾರ್ಖಾನೆ ೨೦೨೦ರ ಜೂನಿನಲ್ಲಿ ಕೆಲಸ ನಿಲ್ಲಿಸಿತು. ಆದರೂ ಆ ಹೆಸರು ಹೊತ್ತ ಹಳೆಯ ಬೈಸಿಕಲ್ಲಿಗೆ ಟ್ಯೂಬು, ಚೈನು, ಕಡ್ಡಿ, ಬ್ರೇಕಿನ ರಬ್ಬರು ಇವೆಲ್ಲ ಸಂತೆಯ ಸೈಕಲ್ ಶಾಪಿನಲ್ಲಿಯೂ ದೊರೆಯುತ್ತವೆ. ತಯಾರಿಸಿದವನು ಬಾಗಿಲು ಹಾಕಿದ ಮೇಲೂ ಯಂತ್ರವು ಬದುಕಿರುವುದು ಅಳತೆಗಳ ಏಕರೂಪತೆಯ ಫಲ. ರೇಸಿಂಗ್ ಸೈಕಲ್ಲಿನ ಸಣ್ಣ ಕೊಳವೆಯಂಥ ವಾಲ್ವಿಗಾದರೋ ಬೀದಿಯ ಕೊನೆಯ ಅಂಗಡಿಯ ಪಂಪು ನೇರವಾಗಿ ಹೊಂದುವುದಿಲ್ಲ. ಪಂಕ್ಚರ್ ಆದ ದಿನವೇ ಸರಿಯಾಗಬಲ್ಲ ಬೈಸಿಕಲ್ಲು ವಾರಗಟ್ಟಲೆ ಭಾಗಕ್ಕಾಗಿ ಕಾಯುವ ಬೈಸಿಕಲ್ಲಿಗಿಂತ ಹೆಚ್ಚು ದೂರ ಓಡುತ್ತದೆ, ಅದೆಷ್ಟೇ ನಿಧಾನವಾಗಿದ್ದರೂ.

ಇವೆಲ್ಲವನ್ನೂ ತೂಗಿ ನೋಡಿ ನಮ್ಮ ತೀರ್ಮಾನವನ್ನು ಹೇಳುತ್ತೇವೆ. ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು, ದೀಪಗಳಿರುವ, ನೆಟ್ಟಗೆ ಕುಳಿತು ಸುತ್ತಲೂ ನೋಡಬಹುದಾದ, ಬ್ರೇಕು ನಂಬತಕ್ಕಂಥ, ಬೀದಿಯ ಅಂಗಡಿಯಲ್ಲಿ ರಿಪೇರಿಯಾಗುವ ಸಾಮಾನ್ಯ ಬೈಸಿಕಲ್ಲನ್ನೇ ಉಳಿಸಿಕೊಳ್ಳಬೇಕು. ಇದಕ್ಕೆ ಒಂದು ಅಪವಾದವುಂಟು. ನಮ್ಮ ಮೆಟ್ರೋ ಪೀಣ್ಯಕ್ಕೆ ೨೦೧೪ರಲ್ಲಿ, ವೈಟ್‌ಫೀಲ್ಡಿಗೆ ೨೦೨೩ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಲ್ಲಿ ಬಂದು ತಲಪಿತು. ಮಡಚುವ ಬೈಸಿಕಲ್ಲುಗಳನ್ನು ರೈಲಿನಲ್ಲಿ ಒಯ್ಯಲು ೨೦೨೨ರಲ್ಲಿ ಅನುಮತಿ ದೊರೆಯಿತು. ಪ್ರತಿನಿತ್ಯ ರೈಲಿನ ಎರಡು ತುದಿಗಳಲ್ಲಿಯೂ ಸೈಕಲ್ ಬೇಕಾದವರಿಗೆ ಮಡಚುವುದೇ ಸರಿ. ಒಂದು ವರ್ಷದಲ್ಲಿ ಎರಡು ಸಲ ಮಾತ್ರ ಒಯ್ದವರು ಈ ಅಪವಾದದ ಆಶ್ರಯ ಪಡೆಯಬಾರದು.

ತಂದೆಯ ಬೈಸಿಕಲ್ಲಿನ ಮೇಲಿನ ಮಮತೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯ ಕಡೆ ಹುಟ್ಟಿದವು. ಮುಂದೆ ಪೀಣ್ಯದ ಕಾರ್ಖಾನೆಗಳೂ ಎದ್ದವು. ಆ ಕಾರ್ಖಾನೆಗಳ ಪಾಳಿಯ ಗಂಟೆಗೆ ಸರಿಯಾಗಿ ಗೇಟು ಮುಟ್ಟಿಸಿದ ವಾಹನಗಳಲ್ಲಿ ಬೈಸಿಕಲ್ಲೂ ಒಂದು. ಆದರೆ ಗೌರವಿಸುವುದೆಂದರೆ ಸರಪಳಿ ಹಾಕಿ ನೆಲಮಾಳಿಗೆಯ ಮೂಲೆಯಲ್ಲಿ ನಿಲ್ಲಿಸುವುದಲ್ಲ. ತೇವವೂ ಆಮ್ಲಜನಕವೂ ಸೇರಿದಲ್ಲಿ ಉಕ್ಕು ತುಕ್ಕಾಗುತ್ತದೆ. ಗಾಳಿಯಲ್ಲಿರುವ ಓಜೋನಿನಿಂದ ಟೈರು ಬಿರಿಯುತ್ತದೆ. ಈ ಕ್ರಿಯೆಗಳು ನಮ್ಮ ಭಾವನೆಗಳನ್ನು ಕೇಳುವುದಿಲ್ಲ. ಚೌಕಟ್ಟು ನೆಟ್ಟಗಿದ್ದರೆ ಚೈನಿಗೆ ಎಣ್ಣೆ ಬಿಟ್ಟು, ಬ್ರೇಕಿಗೆ ಹೊಸ ರಬ್ಬರು ಹಾಕಿಸಿ, ಅದನ್ನೇ ತುಳಿಯಿರಿ. ತಂದೆಯ ನೆನಪಿಗೆ ಅದಕ್ಕಿಂತ ಉಚಿತವಾದ ಮರ್ಯಾದೆ ಇನ್ನೊಂದಿಲ್ಲ.

ಇನ್ನು ಉಳಿದ ಮೂರರ ಗತಿಯೇನು? ನಾವು ಮೊದಲು ಸೂಚಿಸಿದ ಪರಿಣಾಮ ಇಲ್ಲಿದೆ. ಕಾಲ್ನಡಿಗೆಯಲ್ಲಿ ಒಂದು ಕಿಲೋಮೀಟರು ಹೋಗಲು ವ್ಯಯವಾಗುವ ಶಕ್ತಿಯ ಐದರಲ್ಲೊಂದು ಪಾಲಿನಷ್ಟೇ ಬೈಸಿಕಲ್ಲಿನ ಮೇಲೆ ಸಾಕೆಂದು ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಅವರು ೧೯೭೩ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಕೋಣೆಯಿಂದ ಕಾರ್ಖಾನೆಗೆ ೪ ಕಿಲೋಮೀಟರು ನಡೆಯುವ ಕೆಲಸಗಾರನನ್ನು ನೆನೆಯಿರಿ. ಗಂಟೆಗೆ ೫ ಕಿಲೋಮೀಟರಿನಂತೆ ಅವನಿಗೆ ೪೮ ನಿಮಿಷ ಬೇಕು. ಗಂಟೆಗೆ ೧೫ ಕಿಲೋಮೀಟರಿನ ಬೈಸಿಕಲ್ಲಿನಲ್ಲಿ ೧೬ ನಿಮಿಷ. ಹೋಗಿಬರುವುದರಲ್ಲಿ ದಿನಕ್ಕೆ ೬೪ ನಿಮಿಷ, ತಿಂಗಳಿನ ೨೫ ದಿನಗಳಲ್ಲಿ ಇಪ್ಪತ್ತಾರು ಗಂಟೆಗೂ ಮೀರಿದ ಉಳಿತಾಯ! ೨೦೦೬–೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ್ದೂ ದೂರದ ಶಾಲೆಯನ್ನು ಹತ್ತಿರ ಮಾಡುವುದಕ್ಕಾಗಿಯೇ. ಕೋವಿಡ್ ಕಾಲದಲ್ಲಿ ಆ ವಿತರಣೆ ಸ್ಥಗಿತಗೊಂಡಿತು. ಅದೇ ಕಾಲದಲ್ಲಿ ನಮ್ಮ ವಸತಿ ಸಮುಚ್ಚಯಗಳ ನೆಲಮಾಳಿಗೆಗಳಿಗೆ ಹೊಸ ಬೈಸಿಕಲ್ಲುಗಳು ಬಂದು ಸೇರಿದವು. ಕಂಬಕ್ಕೆ ಬಿಗಿದ ಬೈಸಿಕಲ್ಲು ಯಾರಿಗೂ ಕೇಡು ಮಾಡುತ್ತಿಲ್ಲವೆಂದು ತೋರಬಹುದು. ಆದರೆ ಬೇರೊಬ್ಬರ ಇಪ್ಪತ್ತಾರು ಗಂಟೆಗಳನ್ನು ಅದು ತಿಂಗಳು ತಿಂಗಳೂ ಕಂಬಕ್ಕೆ ಬಿಗಿದಿಟ್ಟಿದೆ. ಕೊಡುವುದಾದರೆ ಓಡುವ ಸ್ಥಿತಿಯಲ್ಲಿಯೇ ಕೊಡಬೇಕು. ಗಾಳಿ ಹೊಡೆಸಿ, ಬ್ರೇಕು ಸರಿಪಡಿಸಿ, ಪಡೆಯುವವನ ಎತ್ತರಕ್ಕೆ ಸೀಟು ಹೊಂದಿಸಿ ಕೊಡಬೇಕು. ತುಕ್ಕು ಹಿಡಿದ ಮೇಲೆ ಕೊಡುವುದು ದಾನವಲ್ಲ, ಗುಜರಿಯ ಸಾಗಣೆ.

ವಿದ್ಯಾರ್ಥಿಗಳು ನಮ್ಮ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ವಾಹನಗಳಿಲ್ಲದ, ಗಾಳಿ ಬೀಸದ, ಸಮತಟ್ಟಾದ ಒಂದು ಅಂಗಳದಲ್ಲಿ ಮನೆಯ ಬೈಸಿಕಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಸೆಕೆಂಡಿಗೆ ೩ ಮೀಟರು ವೇಗ ಬಂದೊಡನೆ ತುಳಿಯುವುದನ್ನು ನಿಲ್ಲಿಸಿ, ಎಷ್ಟು ದೂರ ಉರುಳಿತೆಂದು ಅಳೆಯಿರಿ. ನಾವು ಹಿಡಿದ ಅಂಕಿಗಳಂತೆ, ಗಾಳಿ ತುಂಬಿದ ಸಾಮಾನ್ಯ ಬೈಸಿಕಲ್ಲು ಸುಮಾರು ೪೭ ಮೀಟರು, ಗಾಳಿ ಇಳಿದದ್ದು ಸುಮಾರು ೨೬ ಮೀಟರು ಹೋಗಬೇಕು. ನಿಮ್ಮ ಅಳತೆ ಬೇರೆ ಬಂದರೆ ನಿಮ್ಮ ಅಳತೆಯನ್ನೇ ನಂಬಿ, ಕಾರಣವನ್ನು ಹುಡುಕಿ. ಅನಂತರ ತಂದೆತಾಯಿಗಳೊಡನೆ ಕುಳಿತು ತೀರ್ಮಾನಿಸಿ. ಒಂದನ್ನು ಉಳಿಸಿಕೊಳ್ಳಿ, ಉಳಿದವನ್ನು ಈ ಮಳೆಗಾಲ ಬರುವುದಕ್ಕೆ ಮುಂಚೆಯೇ ನಡೆದು ಹೋಗುತ್ತಿರುವವರ ಕೈಗೆ ಮುಟ್ಟಿಸಿ.