ಚೀಟಿ ನಿಜ, ಅಪ್ಪಣೆ ಯಾರದು?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ 2008ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಐಎನ್‌ಜಿ ಡೈರೆಕ್ಟ್ ಎಂಬ ಬ್ಯಾಂಕಿನ ಗ್ರಾಹಕನು ತನ್ನ ಖಾತೆಯನ್ನು ತೆರೆದಿಟ್ಟುಕೊಂಡು ಮತ್ತಾವುದೋ ಜಾಲತಾಣವನ್ನು ಇಣುಕಿದರೆ ಸಾಕು, ಆ ತಾಣವು ಅವನ ಹೆಸರಿನಲ್ಲೇ ಹಣವನ್ನು ಕಳ್ಳನಿಗೆ ಸಾಗಿಸಬಹುದಾಗಿತ್ತು! ಗುಪ್ತಪದವನ್ನು ಯಾರೂ ಕದಿಯಬೇಕಾಗಿರಲಿಲ್ಲ. ವರದಿ ಹೊರಬೀಳುವ ಮೊದಲೇ ಬ್ಯಾಂಕು ಆ ಕಂಡಿಯನ್ನು ಮುಚ್ಚಿತೆಂಬುದು ಸಮಾಧಾನದ ಸಂಗತಿ.

ಇದು ಹೇಗೆ ಸಾಧ್ಯ? ಒಮ್ಮೆ ಗುರುತು ಹೇಳಿಕೊಂಡವನನ್ನು ಜಾಲತಾಣವು ಮರುಗಳಿಗೆಯಲ್ಲೇ ಮರೆಯುತ್ತದೆ. ಆ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ‘ಕುಕಿ’ ಎಂಬ ಗುರುತಿನ ಚೀಟಿಯನ್ನು ರೂಪಿಸಿದರು. ಬ್ರೌಸರು ಈ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಬ್ಯಾಂಕಿಗೆ ಹೋಗುವ ಪ್ರತಿಯೊಂದು ಕೋರಿಕೆಗೂ ತಾನಾಗಿಯೇ ಲಗತ್ತಿಸುತ್ತಿತ್ತು. ಕೋರಿಕೆಯನ್ನು ಬರೆದವರಾರೆಂದು ಅದು ವಿಚಾರಿಸುತ್ತಿರಲಿಲ್ಲ. ಮನೆಯ ನಂಬಿಕಸ್ಥ ಆಳು, ಬೀದಿಯವನು ಕೊಟ್ಟ ಪತ್ರಕ್ಕೂ ಯಜಮಾನರ ಮುದ್ರೆಯನ್ನೊತ್ತಿ ಕಚೇರಿಗೆ ಮುಟ್ಟಿಸಿದಂತೆ! ಆಳಿನಲ್ಲಿ ಕಪಟವಿಲ್ಲ, ಮುದ್ರೆಯೂ ಖೋಟಾ ಅಲ್ಲ. ಅಪ್ಪಣೆ ಮಾತ್ರ ಯಜಮಾನರದಲ್ಲ.

ಈಗ ಕಣ್ಣಿಗೆ ಕಾಣುವ ಪುಟ ಒಂದು ವಿಳಾಸದಲ್ಲಿ, ಲೆಕ್ಕವನ್ನು ಕಾಯುವ ಸರ್ವರಿನ ಬಾಗಿಲು, ಎಂದರೆ ಎಪಿಐ, ಇನ್ನೊಂದು ವಿಳಾಸದಲ್ಲಿ ಇರುವುದುಂಟು. ಇವುಗಳ ಸಂಭಾಷಣೆಗಾಗಿ ‘ಕಾರ್ಸ್’ ಎಂಬ ಕಟ್ಟಳೆಯಿದೆ. ಇದನ್ನೇ ಕಾವಲುಗಾರನೆಂದು ನಂಬಿ ನಿಶ್ಚಿಂತರಾಗಿರುವ ತಂತ್ರಜ್ಞರು ಎಷ್ಟೋ ಮಂದಿ! ಅನ್ಯತಾಣದ ಪುಟವು ಉತ್ತರವನ್ನು ಓದದಂತೆ ಅದು ತಡೆಯುತ್ತದೆ, ನಿಜ. ಆದರೆ ಸಾಮಾನ್ಯ ಫಾರಂನಂತಹ ಕೋರಿಕೆ ಬಾಗಿಲನ್ನು ಮುಟ್ಟುವುದನ್ನು ತಡೆಯದು. ಹಣವೇ ಹೋದ ಮೇಲೆ ರಸೀತಿ ಕಳ್ಳನ ಕಣ್ಣಿಗೆ ಬೀಳಲಿಲ್ಲವೆಂದರೆ ಯಾರಿಗೇನು ಲಾಭ? ಇನ್ನು ಕೆಲವರು, ಪರದೆಯ ಮೇಲೆ ದೋಷಸೂಚನೆ ಬಂತೆಂದು ಬೇಸತ್ತು, ಕೇಳಿದ ವಿಳಾಸಕ್ಕೆಲ್ಲ ‘ಚೀಟಿಯೊಡನೆ ಬರಬಹುದು’ ಎಂದು ಉತ್ತರಿಸುವಂತೆ ಬರೆದುಬಿಡುತ್ತಾರೆ. ಆಗ ರಸೀತಿಯೂ ಕಳ್ಳನ ಪಾಲು.

ಆದುದರಿಂದ ಎಪಿಐ ತಾನೇ ವಿಚಾರಿಸಬೇಕು. ತನ್ನ ಪುಟಕ್ಕೆ ಮಾತ್ರ ಊಹಿಸಲಾಗದ ಗುಟ್ಟಿನ ಅಂಕಿಯೊಂದನ್ನು ಕೊಟ್ಟು, ಪ್ರತಿ ಕೋರಿಕೆಯಲ್ಲೂ ಅದನ್ನು ಮರಳಿ ಕೇಳುವುದು ಹಳೆಯ ಉಪಾಯ; ಇಂದಿಗೂ ಒಳ್ಳೆಯದೇ. ಕೋರಿಕೆ ಯಾವ ವಿಳಾಸದ ಪುಟದಿಂದ ಹೊರಟಿತೆಂದು ಬ್ರೌಸರು ಬರೆದು ಕಳಿಸುವ ‘ಒರಿಜಿನ್’ ಸಾಲನ್ನೂ ಪರೀಕ್ಷಿಸಬಹುದು. ಬೇರೆ ಸೂಚನೆಯಿಲ್ಲದ ಚೀಟಿಗಳನ್ನು ಅನ್ಯತಾಣದ ಫಾರಂಗಳೊಡನೆ ಒಯ್ಯದಿರುವ ಪದ್ಧತಿಯನ್ನು ಕ್ರೋಮ್ ಬ್ರೌಸರು 2020ರಲ್ಲಿ ತಂದಿತು. ಆದರೆ ಕೊಂಡಿಯನ್ನು ಒತ್ತಿ ಹೋದಾಗ ಚೀಟಿಯೂ ಜೊತೆಗೆ ಹೋಗುತ್ತದೆ. ಬರಿಯ ಕೊಂಡಿಯನ್ನು ಒತ್ತಿದ ಮಾತ್ರಕ್ಕೆ ಹಣ ಸಾಗುವಂತೆ ಎಪಿಐ ಕಟ್ಟಿದವನನ್ನು ಯಾವ ಬ್ರೌಸರು ಕಾಪಾಡೀತು?

ಕುಕಿಯ ಗೊಡವೆಯೇ ಬೇಡವೆಂದು ಗುರುತಿನ ಟೋಕನ್ನನ್ನು ಪುಟದ ಕೈಗೇ ಒಪ್ಪಿಸುವವರೂ ಇದ್ದಾರೆ. ಬೀದಿಯವನ ಪತ್ರಕ್ಕೆ ಆಗ ಮುದ್ರೆ ಬೀಳದು. ಆದರೆ ಪುಟದೊಳಕ್ಕೆ ದುಷ್ಟ ಸ್ಕ್ರಿಪ್ಟೊಂದು ನುಸುಳಿದರೆ ಅದು ಟೋಕನ್ನನ್ನೇ ಹೊತ್ತೊಯ್ಯುತ್ತದೆ.

ಆ 2008ರ ವರದಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರೂ ಇತ್ತು. ಅದರ ತಾಣದ ಇಂಥದೇ ಕಂಡಿಯಿಂದ ಓದುಗರ ಇಮೇಲ್ ವಿಳಾಸ ಅನ್ಯರಿಗೆ ತಿಳಿಯುವಂತಿತ್ತು. ಸಂಶೋಧಕರು 2007ರಲ್ಲೇ ಎಚ್ಚರಿಸಿದ್ದರು. ಕಂಡಿ ಮುಚ್ಚಿದ್ದು ವರದಿ ಬಯಲಾದ ಮೇಲೆ.