ಕ್ಯಾಲಿಪ್ಸೊ ಅಂದ್ರೆ ಬೀಚ್ ಅಲ್ಲ ಸ್ವಾಮಿ

ಹೋದ ಬೇಸಿಗೆಯ ಮಾತು. ಜ್ಯೂಸ್ ಕಂಪನಿಯೊಂದರ ರೇಡಿಯೊ ಜಾಹೀರಾತಿಗೆ ಜಿಂಗಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬ್ರೀಫ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಕ್ಯಾಲಿಪ್ಸೊ ಫೀಲ್ ಬೇಕು, ಮೂವತ್ತು ಸೆಕೆಂಡ್.’ ಕ್ಯಾಲಿಪ್ಸೊ ಅಂದ್ರೆ ನಿಮ್ಮ ಪ್ರಕಾರ ಏನು ಸರ್ ಅಂತ ಕೇಳಿದೆ. "ಅದೇ ರೀ, ಬೀಚು, ತೆಂಗಿನಮರ, ಹೂವಿನ ಶರ್ಟು, ಟೆನ್ಷನ್ ಇಲ್ದೇ ಇರೋ ಜನ" ಅಂದರು ಮಾರ್ಕೆಟಿಂಗ್‌ನವರು. ನಾನೂ ತಲೆಯಾಡಿಸಿ ಬಂದೆ. ಸ್ಟಾಕ್ ಮ್ಯೂಸಿಕ್ ಸೈಟಿನಲ್ಲಿ ಸ್ಟೀಲ್ ಪ್ಯಾನ್ ಬಾರಿಸಿದ ಟ್ರ್ಯಾಕ್ ಒಂದನ್ನು ಕೊಂಡು, ಅದರ ಮೇಲೆ ನಾಲ್ಕು ಸಾಲು ಕೂರಿಸಿ ಕಳಿಸಿದೆ. ಒಂದೇ ಸಲಕ್ಕೆ ಅಪ್ರೂವ್ ಆಯ್ತು. ನಮ್ಮ ಕಸುಬಿನಲ್ಲಿ ಹಾಗೆ ಆದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ.

ತಪ್ಪು ಏನು ಅಂತ ಗೊತ್ತಾಗಿದ್ದು ಆಮೇಲೆ, ಹಳೆಯ ಕ್ಯಾಲಿಪ್ಸೊ ಹಾಡುಗಳನ್ನು ಕೂತು ಕೇಳಿದಾಗ.

ಕ್ಯಾಲಿಪ್ಸೊ ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ, ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರ ಬಾಯಲ್ಲಿ. ಕಾರ್ನಿವಲ್ ಹತ್ತಿರ ಬಂದಾಗ ‘ಟೆಂಟ್’ ಅಂತ ಕರೆಯುವ ಜಾಗಗಳಲ್ಲಿ ಜನ ದುಡ್ಡು ಕೊಟ್ಟು ಕೇಳುತ್ತಿದ್ದ ಹಾಡು ಇದು. ಹಾಡುವವರ ಹೆಸರು ನೋಡಿ: ಅಟಿಲಾ ದಿ ಹನ್, ರೋರಿಂಗ್ ಲಯನ್, ಮೈಟಿ ಸ್ಪ್ಯಾರೋ. ಸರ್ಕಾರದ ಹಗರಣ, ಬೆಲೆ ಏರಿಕೆ, ಪಕ್ಕದ ಮನೆಯ ಗುಟ್ಟು ಎಲ್ಲವೂ ಹಾಡಾಗುತ್ತಿತ್ತು. ಪತ್ರಿಕೆ ಓದಲು ಬಾರದವರಿಗೆ ಅದೇ ಪತ್ರಿಕೆ. ಕಾಲೆಳೆಯುವ ಈ ಕಲೆಗೆ ಅಲ್ಲಿ ‘ಪಿಕಾಂಗ್’ ಅಂತ ಹೆಸರೇ ಇದೆ. ಬ್ರಿಟಿಷ್ ಸರ್ಕಾರಕ್ಕೆ ಇದು ಎಷ್ಟು ಚುಚ್ಚಿತ್ತು ಅಂದ್ರೆ, ಹಾಡುಗಳ ಬಾಯಿಗೆ ಬೀಗ ಹಾಕೋಕೆ 1934ರಲ್ಲಿ ಕಾಯ್ದೆಯನ್ನೇ ತಂದಿತು. ಟೆನ್ಷನ್ ಇಲ್ಲದ ಜನರ ಹಾಡಿಗೆ ಯಾರಾದರೂ ಕಾಯ್ದೆ ಮಾಡ್ತಾರಾ?

ಟ್ರಿನಿಡಾಡ್‌ನ ಲೋಕಲ್ ಜಾಹೀರಾತುಗಳಲ್ಲಿ ಕ್ಯಾಲಿಪ್ಸೊನೋ, ಅದರ ಮಗುವಾದ ಸೋಕಾನೋ ಕೇಳಿಸಿದರೆ ಅಲ್ಲಿನವರ ಕಿವಿ ನೆಟ್ಟಗಾಗುವುದು ಬೀಟ್‌ಗೆ ಮಾತ್ರ ಅಂತ ನಾನು ನಂಬಲ್ಲ. ಆ ದನಿ ತಲೆಮಾರುಗಳಿಂದ ಅವರ ಪರವಾಗಿ ಮಾತಾಡಿದೆ. ಅದು ಬಾಯಿ ತೆರೆದರೆ ಏನೋ ನಿಜ ಹೇಳುತ್ತೆ, ಯಾರನ್ನೋ ಕುಟುಕುತ್ತೆ ಅನ್ನುವ ನಿರೀಕ್ಷೆ ಇದೆ. ನಾವು ಪವರ್‌ಪಾಯಿಂಟ್‌ನಲ್ಲಿ ‘ಕಲ್ಚರಲ್ ಅಪೀಲ್’ ಅಂತ ಬರೆಯುವುದು ಈ ನಂಬಿಕೆಯನ್ನು. ಅದನ್ನು ಗಳಿಸಿದ್ದು ಹಾಡುಗಾರರು, ಖರ್ಚು ಮಾಡುತ್ತಿರುವುದು ಬ್ರ್ಯಾಂಡ್‌ಗಳು.

ಹಳೆಯ ಕಥೆ ಒಂದು ಕೇಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಟ್ರಿನಿಡಾಡ್‌ನಲ್ಲಿ ಅಮೆರಿಕನ್ ಸೈನಿಕರು ಬೀಡುಬಿಟ್ಟಿದ್ದರು. ಅವರ ಡಾಲರ್‌ಗಾಗಿ ಊರಿನ ಹೆಣ್ಣುಮಕ್ಕಳ ಬದುಕು ಏನಾಯ್ತು ಅನ್ನುವುದರ ಮೇಲೆ ಲಾರ್ಡ್ ಇನ್ವೇಡರ್ ಎಂಬ ಹಾಡುಗಾರ 1943ರಲ್ಲಿ ‘ರಮ್ ಅಂಡ್ ಕೋಕಾ-ಕೋಲಾ’ ಹಾಡಿದ. ಮೋರೆ ಆಮ್‌ಸ್ಟರ್‌ಡ್ಯಾಮ್ ಎಂಬ ಅಮೆರಿಕನ್ ಹಾಸ್ಯ ಕಲಾವಿದ ಅದನ್ನು ತನ್ನ ಹೆಸರಿಗೆ ಮಾಡಿಕೊಂಡ. ಆಂಡ್ರ್ಯೂಸ್ ಸಿಸ್ಟರ್ಸ್ ಹಾಡಿ, 1945ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಕೆಲವು ರೇಡಿಯೊದವರು ಅದನ್ನು ಹಾಕೋಕೆ ಒಪ್ಪಲಿಲ್ಲ. ಯಾಕೆ ಗೊತ್ತಾ? ಹಾಡಿನಲ್ಲಿ ಮದ್ಯದ ಹೆಸರಿದೆ, ಜೊತೆಗೆ ಒಂದು ಕಂಪನಿಗೆ ಪುಕ್ಕಟೆ ಜಾಹೀರಾತು ಸಿಗುತ್ತೆ ಅಂತ! ಹಾಡಿನೊಳಗಿನ ಹೆಣ್ಣುಮಕ್ಕಳ ಪಾಡು ಅವರ ಲೆಕ್ಕಕ್ಕೇ ಬರಲಿಲ್ಲ. ಇನ್ವೇಡರ್ ತನ್ನ ಹಕ್ಕಿಗಾಗಿ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು.

1944ರಲ್ಲೇ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ ಚಿಕೀಟಾ ಬಾಳೆಹಣ್ಣಿನ ಜಿಂಗಲ್ ತಂತು, ಕ್ಯಾಲಿಪ್ಸೊ ಧಾಟಿಯಲ್ಲಿ. ಬಾಳೆಹಣ್ಣನ್ನು ಫ್ರಿಜ್‌ನಲ್ಲಿ ಇಡಬೇಡಿ ಅನ್ನುವುದೇ ಅದರ ಉಪದೇಶ. ಬರೆದವರೂ ಅಮೆರಿಕನ್ನರೇ. ಧಾಟಿ ಬಂತು, ನಾಲಿಗೆ ಬರಲಿಲ್ಲ. 1956ರಲ್ಲಿ ಹ್ಯಾರಿ ಬೆಲಫೊಂಟೆ ಜಗತ್ತಿಗೆಲ್ಲ ಕೇಳಿಸಿದ ಬಾಳೆಹಣ್ಣಿನ ಹಾಡೂ ಅಷ್ಟೇ. ಅದು ಜಮೈಕಾದ್ದು, ರಾತ್ರಿಯಿಡೀ ಹಡಗಿಗೆ ಗೊನೆ ಹೊತ್ತು ಸುಸ್ತಾಗಿ, ಬೆಳಗಾಯ್ತು ಮನೆಗೆ ಬಿಡ್ರಪ್ಪಾ ಅನ್ನುವ ಕೂಲಿಗಳ ಹಾಡು. ಕ್ಯಾಲಿಪ್ಸೊ ಅಂತ ಲೇಬಲ್ ಹಚ್ಚಿ ಮಾರಿದರು, ಇವತ್ತು ಅದು ಕೇಳಿದರೆ ನಮಗೆ ರಜೆ ನೆನಪಾಗುತ್ತೆ.

ಇನ್ನು ದುಡ್ಡಿನ ಮಾತು. ಅದೇ 1956ರಲ್ಲಿ ಸ್ಪ್ಯಾರೋ ಟ್ರಿನಿಡಾಡ್‌ನ ಕ್ಯಾಲಿಪ್ಸೊ ಕಿಂಗ್ ಆದ. ಕೈಗೆ ಸಿಕ್ಕಿದ್ದು 40 ಡಾಲರ್. ಅಲ್ಲೇ ಕಾರ್ನಿವಲ್ ಕ್ವೀನ್ ಆದ ಚೆಲುವೆಗೆ ಅದರ ಎಷ್ಟೋ ಪಟ್ಟು ಬೆಲೆಯ ಬಹುಮಾನ. ಆತ ಸುಮ್ಮನಿರಲಿಲ್ಲ, ಮರುವರ್ಷ ಸ್ಪರ್ಧೆಗೆ ಬಹಿಷ್ಕಾರ ಹಾಕಿದ, ಅದನ್ನೂ ಹಾಡು ಮಾಡಿದ.

"ಹಾಗಾದ್ರೆ ವ್ಯಾಪಾರ ಈ ಹಾಡನ್ನ ಮುಟ್ಟಲೇಬಾರದಾ?" ಅಂತ ನನ್ನ ಸಹೋದ್ಯೋಗಿ ಕೇಳ್ತಾಳೆ. ಮುಟ್ಟಲಿ. 1934ರಲ್ಲಿ ಅಟಿಲಾ ಮತ್ತು ಲಯನ್‌ರನ್ನು ನ್ಯೂಯಾರ್ಕ್‌ಗೆ ರೆಕಾರ್ಡಿಂಗ್‌ಗೆ ಕಳಿಸಿದ್ದು ಸಾ ಗೋಮ್ಸ್ ಎಂಬ ರೆಕಾರ್ಡ್ ವ್ಯಾಪಾರಿಯೇ. ಅವನೇನು ಧರ್ಮಕ್ಕೆ ಮಾಡಿರಲಿಕ್ಕಿಲ್ಲ. ಆದರೆ ಹಾಡುಗಾರರ ಹಾಡನ್ನೇ, ಅವರ ಹೆಸರಲ್ಲೇ ಮಾರಿದ. ನನ್ನ ತಕರಾರು ದುಡ್ಡಿನ ಮೇಲಲ್ಲ. ಬೀಟ್ ಇಟ್ಟುಕೊಂಡು ಮಾತನ್ನು ಕಿತ್ತೆಸೆಯುವುದರ ಮೇಲೆ. ನಾನು ಕೊಂಡ ಸ್ಟಾಕ್ ಟ್ರ್ಯಾಕ್‌ನಲ್ಲಿ ಮಾತೂ ಇರಲಿಲ್ಲ, ಬಾರಿಸಿದವರ ಹೆಸರೂ ಇರಲಿಲ್ಲ.

ನಮಗೆ ಈ ಪದ ಬಂದದ್ದು ಕ್ರಿಕೆಟ್ ಕಾಮೆಂಟ್ರಿಯಿಂದ. ‘ಕ್ಯಾಲಿಪ್ಸೊ ಕ್ರಿಕೆಟ್’ ಅಂದ್ರೆ ಮಜಾ ಮಾಡಿಕೊಂಡು ಆಡೋದು ಅಂತ. ಆದರೆ 1971ರಲ್ಲಿ ವೆಸ್ಟ್ ಇಂಡೀಸ್ ನೆಲದಲ್ಲಿ ಗಾವಸ್ಕರ್ ನಾಲ್ಕೇ ಟೆಸ್ಟ್‌ಗಳಲ್ಲಿ 774 ರನ್ ಹೊಡೆದಾಗ, ಟ್ರಿನಿಡಾಡ್‌ನ ಲಾರ್ಡ್ ರಿಲೇಟರ್ ಹಾಡು ಕಟ್ಟಿದ್ದು ಎದುರಾಳಿಯನ್ನು ಹೊಗಳಿ, ನಮ್ಮವರಿಗೆ ಇವನನ್ನು ಔಟ್ ಮಾಡೋಕೇ ಆಗಲಿಲ್ಲ ಅಂತ ತನ್ನವರ ಕಾಲೆಳೆದು. ಕ್ಯಾಲಿಪ್ಸೊ ಅಂದ್ರೆ ಇದು. ಯಾವ ಬ್ರ್ಯಾಂಡ್ ಮ್ಯಾನೇಜರ್ ತನ್ನ ಸರಕಿನ ಬಗ್ಗೆ ಹೀಗೆ ಹಾಡೋಕೆ ಬಿಡ್ತಾನೆ ಹೇಳಿ?

ಈ ಬೇಸಿಗೆಗೆ ಅದೇ ಕಂಪನಿ ಮತ್ತೆ ಬಂತು. ಈ ಸಲ ಧೈರ್ಯ ಮಾಡಿ, ಬಾಟಲಿ ಸಣ್ಣದಾಯ್ತು, ಬೆಲೆ ಮಾತ್ರ ಹಾಗೇ ಇದೆ ಅಂತ ಅವರದೇ ಜ್ಯೂಸನ್ನು ಕುಟುಕುವ ಒಂದು ಸಾಲು ಸೇರಿಸಿದೆ. ಮೀಟಿಂಗ್‌ನಲ್ಲಿ ಎಲ್ಲರೂ ಜೋರಾಗಿ ನಕ್ಕರು. ಸಂಜೆ ಮೇಲ್ ಬಂತು: ‘ಆ ಸಾಲು ತೆಗೆದು ಅಲ್ಲಿ ಲಾ ಲಾ ಲಾ ಹಾಕಿ.’

ಹಾಕಿದೆ. ಇಎಂಐ ಇದೆ. ಟ್ರಾಫಿಕ್‌ನಲ್ಲಿ ಕೂತಾಗ ಎಫ್‌ಎಂನಲ್ಲಿ ಆ ಲಾ ಲಾ ಲಾ ಕೇಳಿಸಿದರೆ, ಅಲ್ಲೊಂದು ಸಾಲು ಇತ್ತು ಅಂತ ನಿಮಗಾದರೂ ಗೊತ್ತಿರಲಿ.