ಬೀಜದ ಹೋರಿ ಸಾಕುವವರು ಯಾರು?

ಬಯಲುಸೀಮೆಯ ಗಾಡಿ ಓಟದಲ್ಲಿ ಗೆದ್ದ ಜೋಡಿಗೆ ಹಾರ, ಓಡಿಸಿದವನಿಗೆ ಬಹುಮಾನ. 2014ರಲ್ಲಿ ಸುಪ್ರೀಂ ಕೋರ್ಟು ತಡೆದಿದ್ದ ಈ ಓಟಕ್ಕಾಗಿ ನಮ್ಮ ರಾಜ್ಯ 2017ರಲ್ಲಿ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಕೋರ್ಟೂ ಅದನ್ನು ಒಪ್ಪಿತು. ಓಟ ಬೇಕೋ ಬೇಡವೋ ಎಂಬ ವಾದ ಸಾಕಷ್ಟು ಆಯ್ತು. ಆ ಎತ್ತು ಯಾವ ಹೋರಿಯದ್ದು, ಆ ಹೋರಿಯನ್ನು ಸಾಕಿದವರು ಯಾರು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಬೀಜ ಒಡೆದ ಎತ್ತು ಎಷ್ಟು ಓಡಿದರೂ ಅದರ ವಂಶ ಅಲ್ಲಿಗೇ ಮುಗೀತು. ತಳಿ ಮುಂದುವರಿಯುವುದು ಹೋರಿ ಇಟ್ಟುಕೊಂಡವನ ಕೊಟ್ಟಿಗೆಯಲ್ಲಿ.

ಇದಕ್ಕೆ ದೊಡ್ಡ ಉದಾಹರಣೆ ಅಮೃತಮಹಲ್. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ಅರಮನೆ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿ, ಮೇಯಲು ಕಾವಲು ಬಿಟ್ಟರು. ಹೈದರಾಲಿ ಈ ಎತ್ತುಗಳನ್ನು ಯುದ್ಧದ ಸಾಗಾಟಕ್ಕೆ ಹೂಡಿದ. ಚಿದಂಬರಕ್ಕೆ ಅವನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಇವುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳೇ ಬೇರೆ ಬೇರೆ ಇದ್ದವು. 1799ರ ನಂತರ ಹಿಂಡು ಬ್ರಿಟಿಷರ ಕೈಸೇರಿತು. ಖರ್ಚು ಉಳಿಸಲು 1860ರಲ್ಲಿ ಅವರು ಅದನ್ನು ಚದುರಿಸಿದರು. ನಷ್ಟ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯ್ತು. ಅಜ್ಜಂಪುರದಲ್ಲಿ ಈಗಲೂ ಸರಕಾರದ ತಳಿ ಕೇಂದ್ರ ಇದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಇದರಿಂದ ಏನು ಪಾಠ? ನಮ್ಮ ಮಲೆನಾಡು ಗಿಡ್ಡಕ್ಕೆ ರಾಜರ ಕಾವಲು ಇರಲಿಲ್ಲ. ಬೆಟ್ಟ, ಬೇಣಗಳಲ್ಲಿ ಮೇದು, ಸಂಜೆ ತಾನಾಗಿ ಕೊಟ್ಟಿಗೆಗೆ ಬಂದು ಉಳಿದ ದನ ಅದು. 2012ರಲ್ಲಿ ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಅದನ್ನು ತಳಿ ಎಂದು ನೋಂದಾಯಿಸಿತು. ಆದರೆ ನೋಂದಣಿ ಪತ್ರದಿಂದ ಹಸು ಗಬ್ಬ ಆಗುವುದಿಲ್ಲ!

ಟಿಲ್ಲರ್ ಬಂದ ಮೇಲೆ ಗಂಡುಕರು ಯಾರಿಗೂ ಬೇಡ. ಚೆನ್ನಾಗಿ ಬೆಳೆದದ್ದು ಮೊದಲು ಮಾರಿ ಹೋಗುತ್ತದೆ. ಗಿರಾಕಿ ಸಿಗದೆ ಉಳಿದ ಬಡಕಲೇ ಊರಿಗೆಲ್ಲ ಹೋರಿ. ಹೀಗೆ ನಾವು ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಬೀಜಕ್ಕೆ ಇಡುತ್ತಿದ್ದೇವೆ. ಭತ್ತದಲ್ಲಿ ಹೀಗೆ ಮಾಡ್ತೇವಾ?

"ಒಂದೆರಡು ಲೀಟರ್ ಹಾಲಿಗೆ ಇಷ್ಟೆಲ್ಲ ಯಾಕೆ?" ಎನ್ನಬಹುದು. ಹಾಲೇ ಮುಖ್ಯ ಆದವರು ಜರ್ಸಿ ಸಾಕಲಿ, ನನ್ನ ತಕರಾರಿಲ್ಲ. ಆದರೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಪಡೆದ ಸೀಮೆ ನಮ್ಮದು. ಆ ಸೊಪ್ಪು ಗೊಬ್ಬರವಾಗಲು ಕೊಟ್ಟಿಗೆಯಲ್ಲಿ ದನ ಬೇಕು; ಹಿಂಡಿ ಚೀಲ ಕಾಯದೆ, ಗುಡ್ಡ ಹತ್ತಿ ಮೇಯುವ ದನ ಆದರೆ ಖರ್ಚು ಕಡಿಮೆ. ಗಿಡ್ಡ ಹಸುವಿಗೆ ದೊಡ್ಡ ತಳಿಯ ಬೀಜ ಕೊಡಿಸಿದರೆ ಕರು ಹಾಕುವಾಗ ಕಷ್ಟ ಬರುವುದೂ ಉಂಟು.

ನನ್ನ ಸಲಹೆ ಇಷ್ಟೇ. ಹತ್ತು ಮನೆ ಸೇರಿ ಒಂದು ಹೋರಿ ಸಾಕಬೇಕು. ಕರು ಆರಿಸುವಾಗ ತಾಯಿಯನ್ನು ನೋಡಿ: ಕಾಲು ಗಟ್ಟಿ ಇರಬೇಕು, ಗಬ್ಬ ತಪ್ಪಬಾರದು, ಕೆಚ್ಚಲು ಸರಿ ಇರಬೇಕು. ಹುಲ್ಲು, ಹಿಂಡಿಯ ಖರ್ಚು ಹಂಚಿಕೊಳ್ಳಿ. ಸಾಕಿದ ಮನೆಗೆ ಗೊಬ್ಬರ ಬಿಡಿ. ಉಳಿದ ಗಂಡುಕರುಗಳಿಗೆ ಡಾಕ್ಟರಿಂದ ಬೀಜ ಒಡೆಸಿ. ಮೂರು ವರ್ಷಕ್ಕೊಮ್ಮೆ ಪಕ್ಕದೂರಿನ ಹೋರಿ ಜೊತೆ ಅದಲುಬದಲು ಮಾಡಿ, ಇಲ್ಲವಾದರೆ ಅಪ್ಪ-ಮಗಳ ಕೂಡಿಕೆಯಾಗಿ ತಳಿ ಸೊರಗುತ್ತದೆ. ಯಾವ ಕರುವಿಗೆ ಯಾವ ಹೋರಿ ಎಂದು ಪುಸ್ತಕದಲ್ಲಿ ಬರೆದಿಡಿ.

ಒಡೆಯರ ಖಜಾನೆ ನಮಗಿಲ್ಲ. ಹತ್ತು ಮನೆಯ ಹುಲ್ಲುಹೊರೆ ಇದೆ. ನಿಮ್ಮೂರಲ್ಲಿ ಬೀಜದ ಹೋರಿ ಯಾರ ಮನೆಯಲ್ಲಿದೆ? ಮೊದಲು ಅಷ್ಟು ವಿಚಾರಿಸಿ ನೋಡಿ.